ಆಗಸದ ವೀರಗಲ್ಲುಗಳು

ಊರ ಮುಂದೆ, ಕೆರೆಯ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ ನಿಂತಿರುವ ವೀರಗಲ್ಲುಗಳನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ; ನಡುವಣದರಲ್ಲಿ ಮಡಿದ ವೀರನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುತ್ತಿರುವ ನೋಟ; ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುವ ನೋಟ. ವೀರನ ಆಕಾರ ಹಿರಿದು, ಶತ್ರುಗಳ ಆಕಾರ ಕಿರಿದು. ಕಾಳಗ ನಿಜವಾಗಿ ಹಾಗೆಯೇ ನಡೆಯಿತೆಂದು ಯಾವ ಇತಿಹಾಸಕಾರನೂ ಹೇಳಲಾರನು. ಆದರೂ ಆ ಕಲ್ಲನ್ನು ಅವನು ಬಿಟ್ಟುಕೊಡುವುದಿಲ್ಲ. ಅದನ್ನು ಯಾರು ನಿಲ್ಲಿಸಿದರು, ಏತಕ್ಕಾಗಿ ನಿಲ್ಲಿಸಿದರು, ಅದರಲ್ಲಿ ಯಾವುದನ್ನು ತೋರಿಸಿದರು, ಯಾವುದನ್ನು ಬಿಟ್ಟರು ಎಂದು ವಿಚಾರಿಸಿ ಅದರಿಂದ ಇತಿಹಾಸವನ್ನು ಪಡೆಯುತ್ತಾನೆ.

ಇಪ್ಪತ್ತನೆಯ ಶತಮಾನದಲ್ಲಿ ಕಾಳಗವು ನೆಲವನ್ನು ಬಿಟ್ಟು ಬಾನಿಗೇರಿತು. ಆರೇಳು ಸಾವಿರ ಮೀಟರುಗಳ ಎತ್ತರದಲ್ಲಿ ಮಡಿದವನಿಗೆ ಮಡಿದ ಎಡೆಯಲ್ಲಿಯೇ ಕಲ್ಲು ನಿಲ್ಲಿಸುವಂತಿಲ್ಲ. ಮೋಡದ ಮೇಲೆ ನಡೆದ ಹೋರಾಟದ ಗುರುತು ಮರುಗಳಿಗೆಯಲ್ಲಿ ಉಳಿಯುವುದಿಲ್ಲ. ಆ ಶೂನ್ಯವನ್ನು ಚಿತ್ರಗಳು ತುಂಬಿದವು. ವಿಮಾನಭಟರ ಕಾದಾಟವನ್ನು ತೋರಿಸುವ ಬಣ್ಣದ ಚಿತ್ರಗಳು ಮೊದಲು ವಸ್ತುಸಂಗ್ರಹಾಲಯಗಳ ಗೋಡೆಗಳನ್ನು ಸೇರಿದವು. ಅನಂತರ ಮುದ್ರಿತ ಪ್ರತಿಗಳಾಗಿ, ಬದುಕುಳಿದ ವೀರರ ಹಸ್ತಾಕ್ಷರಗಳೊಡನೆ ಮಾರಾಟಕ್ಕೆ ಬಂದು ಸಾವಿರಾರು ಮನೆಗಳನ್ನು ಸೇರಿದವು. ಈ ಚಿತ್ರಗಳು ಹುಟ್ಟಿದ ಬಗೆಯನ್ನು, ವಿಶೇಷವಾಗಿ ಇಂಗ್ಲೆಂಡಿನಲ್ಲಿ ಅವು ಬೆಳೆದ ಬಗೆಯನ್ನು ನೋಡಿ, ಇತಿಹಾಸದ ಸಾಕ್ಷಿಯಾಗಿ ಅವುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ನಾವಿಲ್ಲಿ ವಿಚಾರಿಸೋಣ.

೧

ಮೊದಲನೆಯ ಮಹಾಯುದ್ಧವು ೧೯೧೪ರಲ್ಲಿ ಆರಂಭವಾದಾಗ ವಿಮಾನವು ಹುಟ್ಟಿ ಇನ್ನೂ ಹನ್ನೊಂದು ವರ್ಷಗಳಾಗಿದ್ದವು. ಶತ್ರುವಿನ ಚಲನವಲನಗಳನ್ನು ಮೇಲಿನಿಂದ ನೋಡಿ ಬರುವುದು ಅದರ ಮೊದಲ ಕೆಲಸ. ಹಾಗೆ ನೋಡಲು ಬಂದವನನ್ನು ತಡೆಯಬೇಕಾಯಿತು. ತಡೆಯಲು ಬಂದೂಕು ಬೇಕಾಯಿತು. ಇಂತು ಕಾದಾಟದ ವಿಮಾನವು ಹುಟ್ಟಿತು. ಯುದ್ಧ ಮುಗಿಯುವ ಮೊದಲೇ, ೧೯೧೭ರಲ್ಲಿ, ಇಂಗ್ಲೆಂಡಿನಲ್ಲಿ ಸಾಮ್ರಾಜ್ಯ ಯುದ್ಧ ವಸ್ತುಸಂಗ್ರಹಾಲಯವು ಸ್ಥಾಪಿತವಾಯಿತು. ಯುದ್ಧವನ್ನು ಚಿತ್ರಿಸಲು ಸರ್ಕಾರವೇ ಕಲಾವಿದರನ್ನು ನೇಮಿಸಿತು.

ಇವರಲ್ಲಿ ಸಿಡ್ನಿ ಕಾರ್ಲೈನ್ ಎಂಬವರ ವಿಷಯ ಗಮನಾರ್ಹವಾದುದು. ಇವರು ಚಿತ್ರಕಾರರೂ ಹೌದು, ವಿಮಾನಭಟರೂ ಹೌದು. ಇಟಲಿಯ ರಣರಂಗದಲ್ಲಿ ಒಬ್ಬರೇ ಕೂರುವ ಕ್ಯಾಮೆಲ್ ಎಂಬ ವಿಮಾನವನ್ನು ನಡೆಸುತ್ತ ತಾವೇ ಕಾದಿದವರು. ಬ್ರೆಂಟಾ ನದಿಯ ಕಣಿವೆಯಲ್ಲಿ ಆಸ್ಟ್ರಿಯದ ವಿಮಾನವೊಂದು ನಾಶವಾದುದನ್ನು ಕುರಿತು ೧೯೧೮ರಲ್ಲಿ ಅವರು ಬರೆದ ಚಿತ್ರ ಇಂದಿಗೂ ಆ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಬೆಟ್ಟದ ಗೋಡೆಗಳು ವಿಮಾನಗಳಿಗಿಂತ ದೊಡ್ಡವು. ನೆಲದಲ್ಲಿ ನಿಂತು ತಲೆಯೆತ್ತಿದವನು ಆ ನೋಟವನ್ನು ಕಾಣಲಾರನು. ಬಾನಿನ ಕದನವನ್ನು ಬಾನಿನಲ್ಲಿದ್ದವನೇ ಬರೆದ ಮೊದಮೊದಲಿನ ಚಿತ್ರಗಳಲ್ಲಿ ಅದೂ ಒಂದು.

ಕುಂಚವನ್ನೂ ವಿಮಾನವನ್ನೂ ಒಂದೇ ಕೈ ಹಿಡಿದ ಇನ್ನೊಂದು ನಿದರ್ಶನವಿದೆ. ಅದು ನಮ್ಮ ದೇಶಕ್ಕೆ ಸೇರಿದುದು. ಇಂದ್ರಲಾಲ ರಾಯ್ ಎಂಬ ಬಾಲಕನು ಕಲ್ಕತ್ತೆಯಲ್ಲಿ ೧೮೯೮ರ ಡಿಸೆಂಬರ್ ೨ರಂದು ಹುಟ್ಟಿ ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದುತ್ತಿದ್ದನು. ವಿಮಾನದಳಕ್ಕೆ ಸೇರಬಯಸಿದಾಗ ಕಣ್ಣಿನ ದೋಷದ ಕಾರಣದಿಂದ ಅವನನ್ನು ಹಿಂದಕ್ಕೆ ಕಳುಹಿಸಿದರು. ಅವನು ತನ್ನ ಮೋಟಾರ್ ಸೈಕಲ್ಲನ್ನು ಮಾರಿ, ಆ ಹಣದಿಂದ ಹೆಸರಾಂತ ನೇತ್ರವೈದ್ಯನೊಬ್ಬನಲ್ಲಿ ಮತ್ತೆ ಪರೀಕ್ಷೆ ಮಾಡಿಸಿಕೊಂಡು, ೧೯೧೭ರಲ್ಲಿ ದಳವನ್ನು ಸೇರಿದನು. ಅದೇ ವರ್ಷದ ಡಿಸೆಂಬರಿನಲ್ಲಿ ಅವನ ವಿಮಾನ ಕೆಳಗೆ ಬಿದ್ದಿತು. ಗಾಯ ಮಾಯುವವರೆಗೆ ಹಾರುವಂತಿರಲಿಲ್ಲ. ಆ ದಿನಗಳಲ್ಲಿ ಅವನು ಸುಮ್ಮನೆ ಕೂಡಲಿಲ್ಲ. ವಿಮಾನಗಳ ಚಿತ್ರಗಳನ್ನು ಒಂದಾದ ಮೇಲೊಂದರಂತೆ ಬರೆದನು. ಅವುಗಳಲ್ಲಿ ಹಲವು ಇಂದಿಗೂ ಉಳಿದಿವೆ.

ಮತ್ತೆ ಹಾರಲು ಅನುಮತಿ ದೊರೆತ ಬಳಿಕ, ೧೯೧೮ರ ಜುಲೈ ೯ರಿಂದ ೧೯ರವರೆಗಿನ ಹನ್ನೊಂದು ದಿನಗಳಲ್ಲಿ ಅವನು ಹತ್ತು ವಿಜಯಗಳನ್ನು ಗಳಿಸಿದನು. ಜುಲೈ ೨೨ರಂದು ಫ್ರಾನ್ಸಿನ ಮೇಲೆ ನಡೆದ ಕಾದಾಟದಲ್ಲಿ ಮಡಿದನು. ಆಗ ಅವನಿಗೆ ಹತ್ತೊಂಬತ್ತು ವರ್ಷ. ಅವನ ಮರಣಾನಂತರ ಬ್ರಿಟಿಷ್ ಸರ್ಕಾರವು ವಿಶಿಷ್ಟ ಹಾರಾಟದ ಪದಕವನ್ನು ಅವನ ಹೆಸರಿಗೆ ಕೊಟ್ಟಿತು. ಅದನ್ನು ಪಡೆದ ಭಾರತೀಯರಲ್ಲಿ ಅವನೇ ಮೊದಲಿಗನು. ಫ್ರಾನ್ಸಿನ ಎಸ್ತೆವೆಲ್ ಎಂಬ ಊರಿನ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಅದರ ಮೇಲೆ ಬಂಗಾಳಿ ಬರಹವುಂಟು. ಪರದೇಶದ ಮಣ್ಣಿನಲ್ಲಿ ತಾಯ್ನುಡಿಯ ಅಕ್ಷರಗಳು ಒಬ್ಬನ ಗುರುತನ್ನು ಕಾಯುತ್ತಿರುವುದರ ಅರ್ಥವನ್ನು ಗಡಿನಾಡಿನವರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಭಾರತದ ಅಂಚೆ ಇಲಾಖೆಯು ೧೯೯೮ರಲ್ಲಿ ಅವನ ಜನ್ಮಶತಾಬ್ದಿಗೆಂದು ಅಂಚೆಚೀಟಿಯೊಂದನ್ನು ಹೊರಡಿಸಿತು.

೨

ಎರಡನೆಯ ಮಹಾಯುದ್ಧದ ಹೊತ್ತಿಗೆ ಚಿತ್ರ ಬರೆಸುವ ಕೆಲಸವು ವ್ಯವಸ್ಥಿತವಾದ ಇಲಾಖೆಯ ರೂಪವನ್ನೇ ತಾಳಿತ್ತು. ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯ ನಿರ್ದೇಶಕರಾಗಿದ್ದ ಕೆನೆತ್ ಕ್ಲಾರ್ಕ್ ಅವರ ಅಧ್ಯಕ್ಷತೆಯಲ್ಲಿ ೧೯೩೯ರಲ್ಲಿ ಯುದ್ಧಚಿತ್ರಕಾರರ ಸಲಹಾ ಸಮಿತಿಯು ರಚಿತವಾಯಿತು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು ನಾನೂರು ಕಲಾವಿದರ ಸಾವಿರಾರು ಕೃತಿಗಳನ್ನು ಅದು ಕೂಡಿಹಾಕಿತು. ದೇಶದ ಜನರ ಧೈರ್ಯವನ್ನು ಕಾಯುವುದು, ಮುಂದಿನವರಿಗೆ ದಾಖಲೆಯನ್ನು ಉಳಿಸುವುದು, ಇವು ಹೊರಗೆ ಹೇಳಿದ ಉದ್ದೇಶಗಳು. ಕಲಾವಿದರನ್ನು ರಣರಂಗದಲ್ಲಿ ಸಾಯದಂತೆ ಉಳಿಸಿಕೊಳ್ಳುವುದೂ ತಮ್ಮ ಮನಸ್ಸಿನಲ್ಲಿತ್ತೆಂದು ಕ್ಲಾರ್ಕರು ಅನಂತರ ಒಪ್ಪಿಕೊಂಡರು.

೧೯೪೦ರ ಜುಲೈ ೧೦ರಿಂದ ಅಕ್ಟೋಬರ್ ೩೧ರವರೆಗೆ ಇಂಗ್ಲೆಂಡಿನ ಆಕಾಶದಲ್ಲಿ ನಡೆದ ಹೋರಾಟಕ್ಕೆ ಬ್ರಿಟನ್ ಕದನವೆಂದು ಹೆಸರು. ಅದರಲ್ಲಿ ಬ್ರಿಟನ್ನಿನ ಪರವಾಗಿ ಹಾರಿದವರು ಮೂರು ಸಾವಿರಕ್ಕಿಂತ ಸ್ವಲ್ಪ ಕಡಿಮೆ. ಅವರಲ್ಲಿ ೫೪೪ ಮಂದಿ ಆ ನಾಲ್ಕು ತಿಂಗಳೊಳಗೇ ಸತ್ತರು. ಅವರೆಲ್ಲರೂ ಇಂಗ್ಲಿಷರಲ್ಲ, ತಮ್ಮ ದೇಶವನ್ನು ಕಳೆದುಕೊಂಡು ಬಂದಿದ್ದ ಪೋಲೆಂಡಿನವರು, ಚೆಕ್ ಜನರು, ನ್ಯೂಜಿಲೆಂಡು ಕೆನಡಾಗಳವರು ಅವರ ಜೊತೆಯಲ್ಲಿದ್ದರು.

ಇವರನ್ನು ಹೇಗೆ ಚಿತ್ರಿಸಬೇಕು? ಈ ಪ್ರಶ್ನೆಯಲ್ಲಿ ಸಮಿತಿಗೂ ವಿಮಾನ ಸಚಿವಾಲಯಕ್ಕೂ ಒಮ್ಮತವಿರಲಿಲ್ಲ. ಸಚಿವಾಲಯಕ್ಕೆ ಬೇಕಾಗಿದ್ದುದು ಮುಖಗಳು. ಕತ್‌ಬರ್ಟ್ ಆರ್ಡ್ ಎಂಬವರು ಹಿಂದಿನ ಯುದ್ಧದಲ್ಲಿ ತಾವೇ ವಿಮಾನ ನಡೆಸಿದವರು. ಅವರು ನೆಲೆಯಿಂದ ನೆಲೆಗೆ ಹೋಗಿ ಇದ್ದಿಲ ಕಡ್ಡಿಯಿಂದ ನೂರಕ್ಕೂ ಹೆಚ್ಚು ವಿಮಾನಭಟರ ಮುಖಚಿತ್ರಗಳನ್ನು ಬರೆದರು. ಎರಿಕ್ ಕೆನಿಂಗ್ಟನ್ ಬಣ್ಣದ ಸೀಮೆಸುಣ್ಣದಲ್ಲಿ ಗಂಭೀರವಾದ ದೊಡ್ಡ ಮುಖಗಳನ್ನು ಬರೆದರು. ಹೀಗೆ ಎದುರಿಗೆ ಕುಳಿತವರಲ್ಲಿ ಹಲವರು ಯುದ್ಧ ಮುಗಿಯುವ ಮೊದಲೇ ಮಡಿದರು. ಆ ಚಿತ್ರಗಳಲ್ಲಿ ವಿಮಾನವಿಲ್ಲ, ಗುಂಡಿಲ್ಲ, ಬೆಂಕಿಯಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗರ ಮುಖಗಳು ಮಾತ್ರ.

ಪಾಲ್ ನ್ಯಾಷ್ ಅವರ ದಾರಿ ಬೇರೆಯಾಗಿತ್ತು. ಮೊದಲನೆಯ ಯುದ್ಧದ ಕೆಸರುಗುಂಡಿಗಳನ್ನು ಚಿತ್ರಿಸಿ ಆಗಲೇ ಹೆಸರಾಗಿದ್ದ ಅವರನ್ನು ೧೯೪೦ರಲ್ಲಿ ವಿಮಾನ ಸಚಿವಾಲಯಕ್ಕೆಂದು ನೇಮಿಸಿದರು. ಅವರಿಗೆ ಗೂರಲು ರೋಗ; ವಿಮಾನ ಹತ್ತುವಂತಿರಲಿಲ್ಲ. ನೆಲದಲ್ಲಿ ನಿಂತೇ ಅವರು ವಿಮಾನಗಳನ್ನು ಜೀವವುಳ್ಳ ಪ್ರಾಣಿಗಳಂತೆ ಕಂಡರು. ಅವರ ಚಿತ್ರಗಳಲ್ಲಿ ಮನುಷ್ಯರೇ ಕಾಣುತ್ತಿರಲಿಲ್ಲ. ಇದು ಸಚಿವಾಲಯಕ್ಕೆ ಒಪ್ಪಿಗೆಯಾಗಲಿಲ್ಲ. ವರ್ಷ ಮುಗಿಯುವಷ್ಟರಲ್ಲಿ ಅವರ ನೇಮಕವೂ ಮುಗಿಯಿತು. ಕ್ಲಾರ್ಕರು ೫೦೦ ಪೌಂಡುಗಳನ್ನು ಬೇರೆಯಾಗಿ ತೆಗೆದಿರಿಸಿ ಅವರ ಕೆಲಸ ನಿಲ್ಲದಂತೆ ನೋಡಿಕೊಂಡರು.

ಹಾಗೆ ಉಳಿದುಬಂದ ಚಿತ್ರಗಳಲ್ಲಿ ಎರಡು ಜಗತ್ಪ್ರಸಿದ್ಧವಾದವು. ಮೊದಲನೆಯದು ‘ಟೋಟೆಸ್ ಮೇರ್’. ಜರ್ಮನ್ ಭಾಷೆಯಲ್ಲಿ ಸತ್ತ ಸಮುದ್ರವೆಂದು ಅರ್ಥ. ಆಕ್ಸ್‌ಫರ್ಡಿನ ಬಳಿಯ ಕೌಲಿ ಎಂಬಲ್ಲಿ ಮುರಿದ ವಿಮಾನಗಳನ್ನು ರಾಶಿ ಹಾಕುತ್ತಿದ್ದರು. ಬೆಳುದಿಂಗಳಲ್ಲಿ ಆ ಲೋಹದ ರಾಶಿ ಹೆಪ್ಪುಗಟ್ಟಿದ ಅಲೆಗಳಂತೆ ಚಿತ್ರದಲ್ಲಿ ತೋರುತ್ತದೆ. ಆ ಅಲೆಗಳ ಮೇಲೆ ಜರ್ಮನಿಯ ಗುರುತುಗಳು ಮಾತ್ರ ಇವೆ. ಆದರೆ ನಿಜವಾದ ರಾಶಿಯಲ್ಲಿ ಬ್ರಿಟಿಷ್ ವಿಮಾನಗಳ ಮುರುಕುಗಳೂ ಇದ್ದವು. ಎರಡನೆಯದು ೧೯೪೧ರಲ್ಲಿ ಬರೆದ ‘ಬ್ರಿಟನ್ ಕದನ’. ಥೇಮ್ಸ್ ನದಿ ಕಡಲು ಸೇರುವ ನೆಲ. ಮೇಲೆ ನೀಲಿಯ ಬಯಲಿನಲ್ಲಿ ಬಿಳಿಯ ಹೊಗೆಗೆರೆಗಳು ಹೂವಿನ ಬಳ್ಳಿಗಳಂತೆ ಹೆಣೆದುಕೊಂಡಿವೆ. ಒಂದು ಮೂಲೆಯಿಂದ ಶತ್ರುವಿಮಾನಗಳು ಸಾಲುಗಟ್ಟಿ ಬರುತ್ತಿವೆ. ಆ ನೋಟ ಯಾವುದೋ ಒಂದು ದಿನದ್ದಲ್ಲ. ನಾಲ್ಕು ತಿಂಗಳ ಹೋರಾಟವನ್ನು ಒಂದೇ ನೋಟದಲ್ಲಿ ಹಿಡಿದಿಡುವ ಯತ್ನವದು. ಹೀಗೆ ಆ ಚಿತ್ರ ದಿನಚರಿಯಾಗಿ ಸುಳ್ಳು, ಅನುಭವವಾಗಿ ನಿಜ.

ಚಿತ್ರವು ಇಲಾಖೆಯ ಇಚ್ಛೆಗೆ ಮಣಿದ ಸ್ಪಷ್ಟವಾದ ಉದಾಹರಣೆಯೊಂದನ್ನು ಇಲ್ಲಿಯೇ ಹೇಳಬಹುದು. ೧೯೪೦ರ ಮೇ ೩೧ರಂದು ಕೆಂಟ್ ಪ್ರಾಂತದ ಡೆಟ್ಲಿಂಗ್ ನೆಲೆಯಲ್ಲಿ ಬಾಂಬುಗಳನ್ನು ಹೊತ್ತ ವಿಮಾನವೊಂದು ಬಿದ್ದು ಹೊತ್ತಿಕೊಂಡಾಗ, ಡಾಫ್ನಿ ಪಿಯರ್‌ಸನ್ ಎಂಬ ಮಹಿಳಾ ದಳದ ಕಾರ್ಪೊರಲ್ ಚಾಲಕನನ್ನು ಹೊರಕ್ಕೆಳೆದು ತನ್ನ ಮೈಯಿಂದಲೇ ಮರೆಮಾಡಿ ಕಾಪಾಡಿದರು. ಲಾರಾ ನೈಟ್ ಎಂಬ ಪ್ರಸಿದ್ಧ ಚಿತ್ರಕರ್ತ್ರಿ ಆಕೆಯ ಚಿತ್ರ ಬರೆಯುವಾಗ ಕೈಯಲ್ಲಿ ಬಂದೂಕನ್ನು ಕೊಟ್ಟಿದ್ದರು. ಆ ದಳದ ಹೆಂಗಸರು ಆಯುಧ ಹಿಡಿಯಕೂಡದೆಂಬ ನಿಯಮವಿದ್ದ ಕಾರಣ ಬಂದೂಕು ಹೋಗಿ ಅದರ ಸ್ಥಾನದಲ್ಲಿ ವಿಷಾನಿಲದ ಮುಖವಾಡವು ಬಂದಿತು. ಇಂದು ಸಂಗ್ರಹಾಲಯದಲ್ಲಿ ನಾವು ಕಾಣುವುದು ಮುಖವಾಡವನ್ನು ಹಿಡಿದ ಕೈ.

೩

ಇನ್ನು, ಕಾದಾಟವನ್ನೇ ನೇರವಾಗಿ ತೋರಿಸುವ ಚಿತ್ರಗಳಿಗೆ ಬರೋಣ. ಇವುಗಳಲ್ಲಿ ಸಾಮಾನ್ಯವಾಗಿ ಎರಡು ವಿಮಾನಗಳು ಒಂದರ ಬೆನ್ನಿಗೊಂದು ಅಂಟಿದಂತಿರುತ್ತವೆ. ಚಾಲಕನ ತಲೆ ಕಾಣುತ್ತದೆ. ರೆಕ್ಕೆಯ ಮೇಲಿನ ಅಕ್ಷರಗಳನ್ನು ಓದಬಹುದು. ನಿಜಸ್ಥಿತಿ ಹೇಗಿದ್ದಿತು?

ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳ ರೆಕ್ಕೆಗಳಲ್ಲಿ ಒಟ್ಟು ಎಂಟು ಮಷೀನ್ ಗನ್ನುಗಳಿದ್ದವು. ಗುಂಡಿಯನ್ನು ಒತ್ತಿ ಹಿಡಿದರೆ ಇದ್ದ ಗುಂಡುಗಳೆಲ್ಲವೂ ಸುಮಾರು ಹದಿನೈದು ಸೆಕೆಂಡುಗಳಲ್ಲಿ ಮುಗಿದುಹೋಗುತ್ತಿದ್ದವು. ಗುಂಡುಗಳು ಒಂದೆಡೆ ಕೂಡುವಂತೆ ಗನ್ನುಗಳನ್ನು ಹೊಂದಿಸುತ್ತಿದ್ದ ದೂರ ಬಹುಮಟ್ಟಿಗೆ ೨೫೦ ಗಜ, ಎಂದರೆ ಸುಮಾರು ೨೩೦ ಮೀಟರು. ಎದುರಾಳಿಯ ಮೆಸರ್‌ಷ್ಮಿಟ್ ವಿಮಾನದ ಅಗಲ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು ೧೦ ಮೀಟರು. ಇದನ್ನು ತರಗತಿಯಲ್ಲಿಯೇ ಪರೀಕ್ಷಿಸಬಹುದು. ವಿದ್ಯಾರ್ಥಿಯು ಎರಡೂವರೆ ಸೆಂಟಿಮೀಟರು ಉದ್ದದ ಕಡ್ಡಿಯ ಚೂರೊಂದನ್ನು ತೋಳು ಚಾಚಿ, ಕಣ್ಣಿನಿಂದ ಅರುವತ್ತು ಸೆಂಟಿಮೀಟರು ದೂರದಲ್ಲಿ ಅಡ್ಡಲಾಗಿ ಹಿಡಿಯಲಿ. ಗುಂಡು ಹಾರಿಸುವ ಕ್ಷಣದಲ್ಲಿ ಚಾಲಕನಿಗೆ ಶತ್ರುವಿಮಾನವು ಕಾಣುತ್ತಿದ್ದುದು ಅಷ್ಟೇ ಗಾತ್ರದಲ್ಲಿ. ಅನುಭವಿಗಳು ಇನ್ನೂ ಹತ್ತಿರಕ್ಕೆ ಹೋಗಿ ಹೊಡೆಯುತ್ತಿದ್ದುದುಂಟು. ಆದರೂ ಗಂಟೆಗೆ ಐನೂರು ಕಿಲೋಮೀಟರುಗಳಿಗೂ ಮೀರಿದ ವೇಗದಲ್ಲಿ ಆ ಸಾಮೀಪ್ಯವು ಒಂದೆರಡು ಸೆಕೆಂಡುಗಳದ್ದು. ಆ ಬಳಿಕ ಬಾನು ಬರಿದು.

ಎಂದರೆ, ಇಬ್ಬರು ಎದುರಾಳಿಗಳನ್ನೂ ಒಂದೇ ಚೌಕಟ್ಟಿನಲ್ಲಿ ದೊಡ್ಡದಾಗಿ ತೋರಿಸುವ ಚಿತ್ರವು ಆ ಹೊತ್ತು ಯಾರ ಕಣ್ಣಿಗೂ ಬೀಳದಿದ್ದ ನೋಟವನ್ನು ತೋರಿಸುತ್ತದೆ. ಚಿತ್ರಕಾರನು ಆಕಾಶದಲ್ಲಿ ಒಂದು ಕಲ್ಪಿತ ಪೀಠದ ಮೇಲೆ ನಿಂತು ಬರೆಯುತ್ತಾನೆ. ದೂರವನ್ನು ಕಿರಿದುಮಾಡದೆ ಅವನಿಗೆ ಗತಿಯಿಲ್ಲ. ವೀರನನ್ನು ಹಿರಿದಾಗಿ ಕಡೆದ ನಮ್ಮ ಶಿಲ್ಪಿಯ ಕಷ್ಟವೂ ಇದೇ ಬಗೆಯದು.

ಕಾದಿದವನ ಮಾತಾದರೂ ಪೂರ್ತಿ ನಂಬತಕ್ಕದ್ದೆ? ೧೯೪೦ರ ಸೆಪ್ಟೆಂಬರ್ ೧೫ರ ಸಂಜೆ, ಅಂದು ೧೮೫ ಜರ್ಮನ್ ವಿಮಾನಗಳನ್ನು ಕೆಡವಲಾಯಿತೆಂದು ಬ್ರಿಟನ್ ಸಾರಿತು. ಯುದ್ಧಾನಂತರ ಜರ್ಮನಿಯ ದಾಖಲೆಗಳನ್ನು ನೋಡಿದಾಗ ಆ ಸಂಖ್ಯೆ ಸುಮಾರು ೬೦ ಎಂದು ತಿಳಿಯಿತು. ಹೀಗಾದುದಕ್ಕೆ ಚಾಲಕರು ಸುಳ್ಳು ಹೇಳಿದರೆಂದು ಭಾವಿಸಬೇಕಾಗಿಲ್ಲ. ಒಂದೇ ವಿಮಾನಕ್ಕೆ ಮೂವರು ಗುರಿಯಿಟ್ಟಿದ್ದರೆ, ಅದು ಬಿದ್ದಾಗ ಮೂವರೂ ತಾವು ಕೆಡವಿದೆವೆಂದು ಪ್ರಾಮಾಣಿಕವಾಗಿ ನಂಬುತ್ತಿದ್ದರು. ಹೊಗೆಯುಗುಳುತ್ತ ಮೋಡದಲ್ಲಿ ಮರೆಯಾದುದು ಮನೆ ಸೇರಿತೋ ಕಡಲು ಸೇರಿತೋ ಮೇಲಿದ್ದವನಿಗೆ ತಿಳಿಯುವಂತಿರಲಿಲ್ಲ. ಕಣ್ಣಾರೆ ಕಂಡವನ ಸಾಕ್ಷ್ಯವನ್ನೂ ಬೇರೆ ದಾಖಲೆಯೊಡನೆ ತಾಳೆ ನೋಡಬೇಕೆಂಬ ನೀತಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಕ್ಕುವುದು ಕಷ್ಟ.

೪

ಯುದ್ಧ ಮುಗಿದ ಮೇಲೆ ಈ ಚಿತ್ರಕಲೆಯ ಎರಡನೆಯ ಜೀವನವು ಮೊದಲಾಯಿತು. ಅದರ ಹಿರಿಯರಲ್ಲಿ ಒಬ್ಬರು ಫ್ರಾಂಕ್ ವೂಟನ್. ವಿಮಾನಗಳನ್ನು ಬರೆಯುವುದು ಹೇಗೆಂದು ಕಲಿಸುವ ಚಿಕ್ಕ ಪುಸ್ತಕವೊಂದನ್ನು ೧೯೪೧ರಲ್ಲಿಯೇ ಅವರು ಪ್ರಕಟಿಸಿದ್ದರು. ೧೯೪೪ರಲ್ಲಿ ನಾರ್ಮಂಡಿಯ ರಣರಂಗಕ್ಕೆ ವಾಯುದಳದ ಚಿತ್ರಕಾರರಾಗಿ ಹೋದರು. ಟೈಫೂನ್ ವಿಮಾನಗಳು ಫಲೇಸ್ ಎಂಬಲ್ಲಿ ಜರ್ಮನ್ ಸೈನ್ಯದ ಮೇಲೆ ಎರಗಿದುದನ್ನು ಬರೆದ ಅವರ ಚಿತ್ರ ಹೆಸರಾದುದು. ೧೯೭೧ರಲ್ಲಿ ಇಂಗ್ಲೆಂಡಿನ ವಿಮಾನ ಚಿತ್ರಕಾರರ ಸಂಘವು ಹುಟ್ಟಿದಾಗ ಅವರೇ ಅದರ ಮೊದಲ ಅಧ್ಯಕ್ಷರಾದರು.

ಅದೇ ದಶಕದ ಕೊನೆಯಲ್ಲಿ ಬಾತ್ ನಗರದ ರಾಬರ್ಟ್ ಟೇಲರ್ ಎಂಬ ತರುಣ ಚಿತ್ರಕಾರರ ಕೃತಿಗಳ ಮೂಲಕ ಹೊಸ ಪದ್ಧತಿಯೊಂದು ಬಲವಾಗಿ ಬೇರೂರಿತು. ಇವರು ೧೯೪೬ರಲ್ಲಿ ಹುಟ್ಟಿದವರು. ಎಂದರೆ ಕದನವನ್ನು ಕಂಡವರಲ್ಲ. ಮೂಲ ತೈಲಚಿತ್ರವು ಒಬ್ಬರ ಸ್ವತ್ತಾಗುತ್ತದೆ. ಅದನ್ನು ಒಳ್ಳೆಯ ಕಾಗದದ ಮೇಲೆ ಇಷ್ಟೇ ಪ್ರತಿಗಳೆಂದು ಮೊದಲೇ ನಿಗದಿಮಾಡಿ ಮುದ್ರಿಸುತ್ತಾರೆ. ಪ್ರತಿಯೊಂದರ ಅಂಚಿನಲ್ಲಿ ಅದರ ಕ್ರಮಸಂಖ್ಯೆಯನ್ನೂ ಒಟ್ಟು ಪ್ರತಿಗಳ ಸಂಖ್ಯೆಯನ್ನೂ ಭಿನ್ನರಾಶಿಯಂತೆ ಬರೆಯುತ್ತಾರೆ. ೧೭/೧೦೦೦ ಎಂದಿದ್ದರೆ ಸಾವಿರ ಪ್ರತಿಗಳಲ್ಲಿ ಹದಿನೇಳನೆಯದು ಎಂದರ್ಥ. ಚಿತ್ರಕಾರನು ಸೀಸದ ಕಡ್ಡಿಯಿಂದ ರುಜು ಹಾಕುತ್ತಾನೆ. ಕೆಲವು ಪ್ರತಿಗಳ ಅಂಚಿನಲ್ಲಿ ಅವನು ಕೈಯಾರೆ ಪುಟ್ಟ ಚಿತ್ರವೊಂದನ್ನು ಬರೆದುಕೊಡುವುದೂ ಉಂಟು; ಅಂಥ ಪ್ರತಿಗೆ ಬೆಲೆ ಹೆಚ್ಚು. ಎಲ್ಲಕ್ಕಿಂತ ಮಿಗಿಲಾದುದು, ಆ ಕದನದಲ್ಲಿ ಹಾರಿ ಬದುಕಿದವರ ಹಸ್ತಾಕ್ಷರ. ಟೇಲರರ ಸ್ಪಿಟ್‌ಫೈರ್ ಚಿತ್ರದ ಪ್ರತಿಗಳಿಗೆ ಡಗ್ಲಸ್ ಬೇಡರ್ ಮತ್ತು ಜಾನಿ ಜಾನ್‌ಸನ್ ಎಂಬ ಇಬ್ಬರು ಪ್ರಸಿದ್ಧ ವೀರರು ರುಜು ಹಾಕಿದರು. ಬೇಡರ್ ಎಂದರೆ, ೧೯೩೧ರ ಅಪಘಾತದಲ್ಲಿ ಎರಡೂ ಕಾಲುಗಳನ್ನು ಕಳೆದುಕೊಂಡು ಕೃತಕ ಕಾಲುಗಳ ಮೇಲೆ ನಿಂತು ಕದನಕ್ಕೆ ಹಾರಿದವರು.

ಈ ಹಸ್ತಾಕ್ಷರಗಳು ಎರಡು ಬಗೆಯ ಫಲಗಳನ್ನು ಕೊಟ್ಟವು. ಒಂದು, ಶತ್ರುಗಳು ಒಂದೇ ಕಾಗದದ ಮೇಲೆ ಕೂಡಿದರು. ಜರ್ಮನಿಯ ಅಡಾಲ್ಫ್ ಗ್ಯಾಲಂಡ್ ಮತ್ತು ಇಂಗ್ಲೆಂಡಿನ ರಾಬರ್ಟ್ ಸ್ಟ್ಯಾನ್‌ಫರ್ಡ್ ಟಕ್ ಯುದ್ಧಕಾಲದಲ್ಲಿ ಎದುರಾಳಿಗಳು. ೧೯೪೨ರ ಜನವರಿಯಲ್ಲಿ ಟಕ್ ಸೆರೆಸಿಕ್ಕಾಗ ಗ್ಯಾಲಂಡರು ಅವರನ್ನು ಊಟಕ್ಕೆ ಕರೆದರು. ಯುದ್ಧಾನಂತರ ಇಬ್ಬರೂ ಮಿತ್ರರಾದರು. ಇಂಥ ಹಳೆಯ ಎದುರಾಳಿಗಳ ರುಜುಗಳು ಅಕ್ಕಪಕ್ಕದಲ್ಲಿರುವ ಚಿತ್ರಗಳನ್ನು ಸಂಗ್ರಾಹಕರು ಮುತುವರ್ಜಿಯಿಂದ ಕಾಯ್ದಿರಿಸುತ್ತಾರೆ. ಕೆಳಗಿನ ಪಟ್ಟಿಕೆಯ ಶತ್ರುವಿಗೂ ಹೆಸರು ದೊರೆತ ಅಪರೂಪದ ವೀರಗಲ್ಲುಗಳಿವು.

ಎರಡನೆಯ ಫಲವು ಅಷ್ಟು ಸರಳವಾದುದಲ್ಲ. ರುಜು ಹಾಕಿದವನು ಸತ್ತ ಬಳಿಕ ಅಂಥ ರುಜು ಮತ್ತೆ ಹುಟ್ಟುವುದಿಲ್ಲ; ಆದಕಾರಣ ಪ್ರತಿಯ ಬೆಲೆ ಏರುವ ಸಂಭವ ಹೆಚ್ಚು. ಹೀಗೆ ಮುದುಕರಾದ ಯೋಧರ ಮರಣವು ಮಾರುಕಟ್ಟೆಯ ಲೆಕ್ಕದೊಳಗೆ ಸೇರಿಕೊಂಡಿತು. ಇದನ್ನು ಕೇಳಿ ಹೇಸುವುದು ಸುಲಭ. ಆದರೆ ಅದೇ ಮಾರುಕಟ್ಟೆಯ ದೆಸೆಯಿಂದಲೇ ಮುದಿವಯಸ್ಸಿನಲ್ಲಿದ್ದ ನೂರಾರು ಯೋಧರನ್ನು ಚಿತ್ರಕಾರರು ಹುಡುಕಿ ಹೋಗಿ, ಅಂದಿನ ಹವೆ ಹೇಗಿತ್ತು, ವಿಮಾನದ ಬಣ್ಣ ಯಾವುದು, ಅದರ ಮೇಲಿನ ಅಕ್ಷರಗಳಾವುವು ಎಂದು ಕೇಳಿ ಬರೆದುಕೊಂಡರು. ಲಾಭದ ಆಸೆಯೂ ನೆನಪಿನ ಹಂಬಲವೂ ಒಂದೇ ಚೌಕಟ್ಟಿನಲ್ಲಿ ಸೇರಿವೆ. ಎರಡನ್ನೂ ಬೇರ್ಪಡಿಸಿ ನೋಡುವುದು ಇತಿಹಾಸ ಓದುವವನ ಕೆಲಸ.

ಆ ಬಾಗಿಲು ಈಗ ಮುಚ್ಚಿದೆ. ಬ್ರಿಟನ್ ಕದನದಲ್ಲಿ ಹಾರಿದವರಲ್ಲಿ ಕೊನೆಯವರೆಂದು ಗುರುತಿಸಲಾಗಿದ್ದ ಐರ್ಲೆಂಡಿನ ಜಾನ್ ಹೆಮಿಂಗ್‌ವೇ ಅವರು ೨೦೨೫ರ ಮಾರ್ಚ್ ೧೭ರಂದು, ತಮ್ಮ ೧೦೫ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇನ್ನು ಮುಂದೆ ಯಾವ ಚಿತ್ರಕಾರನೂ ಆ ಕದನದ ಚಿತ್ರವನ್ನು ಬರೆದು, ‘ಹೀಗೆಯೇ ಇದ್ದಿತೆ?’ ಎಂದು ಅಂದು ಹಾರಿದವನನ್ನು ಕೇಳಲಾರನು.

೫

ಇಷ್ಟು ಚಿತ್ರಗಳಿದ್ದೂ ಅವುಗಳಲ್ಲಿ ಕಾಣದವರು ಅನೇಕರು. ಒಬ್ಬನು ಬಾನಿಗೇರಬೇಕಾದರೆ ಯಂತ್ರವನ್ನು ಸಿದ್ಧಗೊಳಿಸುವವರು, ಗುಂಡು ತುಂಬುವವರು, ಪೆಟ್ರೋಲು ಹಾಕುವವರು, ಶತ್ರುವಿನ ದಿಕ್ಕನ್ನು ಗುರುತಿಸಿ ದೊಡ್ಡ ಮೇಜಿನ ಭೂಪಟದ ಮೇಲೆ ಗುರುತುಗಳನ್ನು ಸರಿಸುವ ಹೆಣ್ಣುಮಕ್ಕಳು, ಇಷ್ಟು ಜನ ಬೇಕು. ಸಂಗ್ರಾಹಕನು ಕೊಳ್ಳುವ ಚಿತ್ರದಲ್ಲಿ ಇವರು ಕಾಣುವುದು ಕಡಿಮೆ. ಶತ್ರುವಿಮಾನವು ಕಂಡರೂ ಅದರೊಳಗೆ ಉರಿಯುತ್ತಿರುವ ತರುಣನ ಮುಖವು ಬಹುಮಟ್ಟಿಗೆ ಕಾಣುವುದಿಲ್ಲ.

ನಮ್ಮವರ ಕಥೆಯೂ ಅಂಥದೇ. ೧೯೩೯ರ ಸೆಪ್ಟೆಂಬರ್ ೩ರಂದು ವೈಸರಾಯರು ಭಾರತೀಯ ನಾಯಕರೊಡನೆ ಆಲೋಚಿಸದೆಯೇ ಭಾರತವನ್ನು ಯುದ್ಧಕ್ಕೆ ಸೇರಿಸಿದರು. ಸ್ಪಿಟ್‌ಫೈರ್ ಒಂದಕ್ಕೆ ೫,೦೦೦ ಪೌಂಡುಗಳೆಂದು ನಾಮಮಾತ್ರದ ಬೆಲೆಯನ್ನು ಗೊತ್ತುಮಾಡಿ ಊರೂರುಗಳಲ್ಲಿ ನಿಧಿಗಳನ್ನು ಕೂಡಿಸಿದರು. ಹಣ ಕೊಟ್ಟ ಊರಿನ ಅಥವಾ ಸಂಸ್ಥಾನದ ಹೆಸರನ್ನು ವಿಮಾನದ ಮೈಮೇಲೆ ಬರೆಯುತ್ತಿದ್ದರು. ಹೈದರಾಬಾದಿನ ಹೆಸರನ್ನು ಹೊತ್ತ ೧೫೨ನೆಯ ದಳದ ಲಾಂಛನದಲ್ಲಿ ನಿಜಾಮರ ಶಿರೋಭೂಷಣವಿತ್ತು. ೧೯೪೧ರ ಜೂನಿನಲ್ಲಿ ರಚಿತವಾದ ೧೨೯ನೆಯ ದಳಕ್ಕೆ ಮೈಸೂರಿನ ಹೆಸರು ಬಂದಿತು. ಅದರ ಲಾಂಛನ ನಮ್ಮ ಗಂಡಭೇರುಂಡ. ದೇವಾಲಯಗಳ ಕಂಬಗಳ ಮೇಲೆ, ಅರಸರ ಮುದ್ರೆಗಳ ಮೇಲೆ ನಾವು ಕಂಡಿರುವ ಆ ಎರಡು ತಲೆಯ ಹಕ್ಕಿಯನ್ನು ತನ್ನದಾಗಿಸಿಕೊಂಡ ದಳವು ಸ್ಪಿಟ್‌ಫೈರುಗಳಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿ ಹೋಗಿ ಕಾದಿತು. ೧೯೪೨ರ ಆಗಸ್ಟಿನಲ್ಲಿ ದಿಯೆಪ್ ಬಂದರಿನ ಮೇಲೆ ನಡೆದ ದಾಳಿಯಲ್ಲಿಯೂ ಅದು ಪಾಲ್ಗೊಂಡಿತು. ವಾಯುಯುದ್ಧದ ಕಲೆಯ ಚರಿತ್ರೆಯಲ್ಲಿ ಕನ್ನಡ ನಾಡಿನ ಶಿಲ್ಪಿ ಬಲ್ಲ ಆಕೃತಿಗೂ ಒಂದು ಮೂಲೆಯಿದೆ ಎಂಬುದನ್ನು ನಮ್ಮ ಮಕ್ಕಳು ತಿಳಿದಿರಲಿ. ಆದರೆ ಲಾಂಛನದ ಹಕ್ಕಿ ಮೈಸೂರಿನದಾದರೂ ಅದನ್ನು ಹೊತ್ತು ಹಾರಿಸಿದ ದಳ ಬ್ರಿಟನ್ನಿನ ವಾಯುಪಡೆಯದೆಂಬುದನ್ನೂ ಮರೆಯದಿರಲಿ.

ಹಣವಷ್ಟೇ ಹೋಗಲಿಲ್ಲ, ಜನರೂ ಹೋದರು. ೧೯೪೦ರಲ್ಲಿ ಇಪ್ಪತ್ನಾಲ್ಕು ಮಂದಿ ಭಾರತೀಯ ಚಾಲಕರು ಇಂಗ್ಲೆಂಡನ್ನು ತಲುಪಿದರು. ಅವರಲ್ಲಿ ಸಿಮ್ಲಾದಲ್ಲಿ ಹುಟ್ಟಿದ ಮಹೀಂದರ್ ಸಿಂಗ್ ಪುಜ್ಜಿಯವರು ತಲೆಗೆ ರುಮಾಲು ಕಟ್ಟಿಕೊಂಡೇ ಹರಿಕೇನ್ ವಿಮಾನವನ್ನು ಹಾರಿಸಿದರು. ಬರ್ಮಾದ ರಣರಂಗದಲ್ಲಿ ತೋರಿದ ಸಾಹಸಕ್ಕಾಗಿ, ಹಿಂದೆ ಇಂದ್ರಲಾಲನಿಗೆ ಮರಣಾನಂತರ ಸಂದಿದ್ದ ಅದೇ ಪದಕವನ್ನು ಜೀವಂತವಾಗಿ ಪಡೆದರು. ಮುಖಚಿತ್ರಗಳಲ್ಲಿಯೂ ಕಾದಾಟದ ಚಿತ್ರಗಳಲ್ಲಿಯೂ ಅಂಥ ಮುಖಗಳನ್ನು ನಾವು ಹುಡುಕಿ ನೋಡಬೇಕಾಗುತ್ತದೆ. ಪುಜ್ಜಿಯವರು ೨೦೧೦ರಲ್ಲಿ ತೀರಿಕೊಂಡರು. ಅವರು ಕೊನೆಗಾಲದಲ್ಲಿ ನೆಲಸಿದ್ದ ಗ್ರೇವ್ಸೆಂಡ್ ಪಟ್ಟಣದಲ್ಲಿ ೨೦೧೪ರಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿದರು. ಕಾಗದದ ಮೇಲೆ ತಡವಾದುದು ಲೋಹದಲ್ಲಿ ನೆರವೇರಿತು.

೬

ಮೇಲಿನ ಸಂಗತಿಗಳಿಂದ ಯುದ್ಧಚಿತ್ರಗಳೆಲ್ಲ ಸುಳ್ಳೆಂಬ ತೀರ್ಮಾನಕ್ಕೆ ಯಾರೂ ಬರಬೇಕಾಗಿಲ್ಲ. ಕಾರ್ಲೈನರು ತಾವು ಹಾರಿದ ಕಣಿವೆಯನ್ನು ಬರೆದರು. ಆರ್ಡರು ತಮ್ಮೆದುರು ಕುಳಿತ ಮುಖವನ್ನು ಬರೆದರು. ನ್ಯಾಷರು ನೆಲದಲ್ಲಿ ನಿಂತವನ ಭಯವಿಸ್ಮಯಗಳನ್ನು ಬರೆದರು. ಟೇಲರರು ಮುದುಕರ ನೆನಪನ್ನು ಬರೆದರು. ಒಂದೊಂದೂ ತಾನು ಬಲ್ಲುದಕ್ಕೆ ಸಾಕ್ಷಿ. ಬಲ್ಲದುದಕ್ಕೆ ಅದನ್ನು ಸಾಕ್ಷಿ ಕರೆದರೆ ತಪ್ಪು ನಮ್ಮದು.

ಆದುದರಿಂದ ಯುದ್ಧದ ಯಾವ ಚಿತ್ರವನ್ನು ಪಾಠದಲ್ಲಿ ತೋರಿಸಿದರೂ ಉಪಾಧ್ಯಾಯ ಮಿತ್ರರು ಮಕ್ಕಳಿಂದ ಮೂರು ಪ್ರಶ್ನೆಗಳನ್ನು ಕೇಳಿಸಲಿ. ಇದನ್ನು ಬರೆದವನು ಎಲ್ಲಿ ನಿಂತಿದ್ದನು? ಇದನ್ನು ಬರೆಸಿದವರು ಯಾರು, ಕೊಂಡವರು ಯಾರು? ಇದರಲ್ಲಿ ಇರಬೇಕಾಗಿದ್ದು ಇಲ್ಲದವರು ಯಾರು? ಮೊದಲನೆಯ ಪ್ರಶ್ನೆ ಕಣ್ಣನ್ನು ತೆರೆಸುತ್ತದೆ, ಎರಡನೆಯದು ಬುದ್ಧಿಯನ್ನು ತೆರೆಸುತ್ತದೆ, ಮೂರನೆಯದು ಹೃದಯವನ್ನು.

ಇದಕ್ಕಾಗಿ ಲಂಡನ್ನಿನ ಸಂಗ್ರಹಾಲಯಕ್ಕೇ ಹೋಗಬೇಕಾಗಿಲ್ಲ. ನಮ್ಮ ಗಡಿನಾಡುಗಳಲ್ಲಿ ರಾಜ್ಯದ ಎಲ್ಲೆಗಳು ಎಷ್ಟೋ ಸಲ ಬದಲಾಗಿವೆ. ವೀರಗಲ್ಲುಗಳು ಮಾತ್ರ ನಿಂತಲ್ಲಿಯೇ ನಿಂತಿವೆ. ಕೆಲವು ನೆಲದಲ್ಲಿ ಅರ್ಧ ಹೂತಿವೆ. ಕೆಲವುಗಳ ಮೇಲಿನ ಹಳಗನ್ನಡ ಅಕ್ಷರಗಳು ಮಳೆಗಾಳಿಗೆ ಸವೆಯುತ್ತಿವೆ. ಒಂದು ರಜೆಯ ದಿನ ಮಕ್ಕಳನ್ನು ಅವುಗಳ ಬಳಿಗೆ ಕರೆದೊಯ್ದು ಇದೇ ಮೂರು ಪ್ರಶ್ನೆಗಳನ್ನು ಕೇಳಿಸಲಿ. ಉಳಿದಿರುವ ಅಕ್ಷರಗಳನ್ನು ಅವರಿಂದಲೇ ನಕಲು ಮಾಡಿಸಲಿ. ಹಾರಿದವರ ಕೊನೆಯ ರುಜು ಮುಗಿದುಹೋದಂತೆ ಈ ಕಲ್ಲುಗಳ ಕೊನೆಯ ಅಕ್ಷರವೂ ಒಂದು ದಿನ ಅಳಿಸಿಹೋದೀತು. ಅದಕ್ಕೆ ಮೊದಲೇ ಓದಿಕೊಳ್ಳುವ ಹೊಣೆ ನಮ್ಮದು.